ಚಾನೆಲ್‌ನಲ್ಲಿ ಬಂದ್ರೂ ನಂಬಿಕೆ ಬರ್ತಿಲ್ಲ, ಯಾಕೆ?

2000 ರೂಪಾಯಿ ನೋಟಲ್ಲಿ ಚಿಪ್ ಇದೆ ಅಂತ
ನೀವೂ ನಂಬಿದ್ರಾ?

2016ರ ನವೆಂಬರ್.
ನೋಟ್ ಬ್ಯಾನ್ ಆಗಿದ್ದ ಹೊತ್ತು.
ನೆಲದಲ್ಲಿ ಹೂತಿಟ್ರೂ
ಸ್ಯಾಟಲೈಟ್ ಹುಡುಕುತ್ತೆ ಅಂತ ವಾಟ್ಸಾಪಲ್ಲಿ ಬಂತು.
ಬರ್ಲಿ ಬಿಡಿ, ವಾಟ್ಸಾಪ್ ತಾನೆ!
ಆದ್ರೆ ಕೆಲವು ನ್ಯೂಸ್ ಚಾನೆಲ್‌ಗಳೂ
ಗ್ರಾಫಿಕ್ಸ್ ಹಾಕಿ ಅದನ್ನೇ ತೋರಿಸಿದ್ವು.
ಅಂಥದ್ದೇನೂ ಇಲ್ಲ ಅಂತು ರಿಸರ್ವ್ ಬ್ಯಾಂಕ್.
ಚಿಪ್ಪೂ ಇಲ್ಲ, ಗಿಪ್ಪೂ ಇಲ್ಲ.

ಯಾಕೆ ಹೀಗಾಗುತ್ತೆ?
ಮೊದಲು ಹೇಳಿದೋರಿಗೆ ಟಿಆರ್‌ಪಿ.
ಟಿಆರ್‌ಪಿ ಬಂದ್ರೆ ಜಾಹೀರಾತು.
ಪರಿಶೀಲಿಸೋಕೆ ಪುರುಸೊತ್ತೆಲ್ಲಿ?
ಜೋರು ಉರೀಲಿ ಕರಿದ ಬೋಂಡಾ ಥರ,
ಹೊರಗೆ ಕೆಂಪಗೆ,
ಒಳಗೆ ಹಸಿ ಹಿಟ್ಟು.

2024ರಲ್ಲಿ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಒಂದು ಸಮೀಕ್ಷೆ ಮಾಡ್ತು.
ಸುದ್ದಿ ನಂಬ್ತೀವಿ ಅಂದೋರು
ಫಿನ್ಲೆಂಡಲ್ಲಿ 100ಕ್ಕೆ 69.
ನಮ್ಮಲ್ಲಿ 41.
ಅದೂ ಹೆಚ್ಚಾಗಿ ಇಂಗ್ಲಿಷ್ ಬಲ್ಲ,
ಇಂಟರ್ನೆಟ್ ಬಳಸೋರನ್ನ ಕೇಳಿದ್ದು.

ನನಗೆ ಬೇಜಾರಾಗೋದು ಎಲ್ಲಿ ಗೊತ್ತಾ?
ನಿಮ್ಮೂರಿನ ಬಸ್ ನಿಂತಾಗ,
ಆಸ್ಪತ್ರೇಲಿ ಡಾಕ್ಟರ್ ಇಲ್ಲದಾಗ,
ಓಡಾಡಿ ವಿಚಾರಿಸಿ ಬರೆಯೋ
ತಾಲ್ಲೂಕು ವರದಿಗಾರರಿಗೂ
ಚಾನೆಲ್‌ಗಳಿಗೆ ಬೀಳೋ ಅದೇ ಬೈಗುಳ.

ಮುಂದಿನ ಸಲ ಬ್ರೇಕಿಂಗ್ ನ್ಯೂಸ್ ಬಂದಾಗ
ಒಂದು ನೋಡಿ.
ಹೇಳಿದ್ದು ಯಾರು ಅಂತ ಹೆಸರಿದೆಯಾ,
ಇಲ್ಲ ಬರೀ ‘ಮೂಲಗಳ ಪ್ರಕಾರ’ನಾ?