ಜಗನ್ಮೋಹನ ಅರಮನೆಯ ಸಭಾಂಗಣ

ಪ್ರಾಚೀನ ಕಟ್ಟಡವೆಂದೊಡನೆ ಅಮರಾಪುರದ ನಮ್ಮ ಮಕ್ಕಳಿಗೆ ನೆರೆಯ ಹೇಮಾವತಿಯ ದೇಗುಲಗಳು ನೆನಪಾಗುತ್ತವೆ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಅದೇ. ಅವರಿಗೆ ಪರಿಚಯಿಸಬೇಕೆಂದು ನಾನು ಬಯಸುವ ಮತ್ತೊಂದು ಕಟ್ಟಡ ಮೈಸೂರಿನಲ್ಲಿದೆ. ಅದು ಜಗನ್ಮೋಹನ ಅರಮನೆಯ ಸಭಾಂಗಣ.

ಮುಮ್ಮಡಿ ಕೃಷ್ಣರಾಜ ಒಡೆಯರು ಈ ಅರಮನೆಯನ್ನು 1861ರಲ್ಲಿ ಕಟ್ಟಿಸಿದರು. 1897ರಲ್ಲಿ ಮರದ ಹಳೆಯ ಅರಮನೆ ಅಗ್ನಿಗೆ ಆಹುತಿಯಾದಾಗ ರಾಜಪರಿವಾರಕ್ಕೆ ಇದೇ ಆಶ್ರಯವಾಯಿತು. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹದ ಸಂದರ್ಭದಲ್ಲಿ ವಿಶಾಲವಾದ ಸಭಾಂಗಣವನ್ನು ಸೇರಿಸಲಾಯಿತು. 1902ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ನರ ಸಮಕ್ಷಮದಲ್ಲಿ ಅವರು ರಾಜ್ಯಾಧಿಕಾರ ವಹಿಸಿಕೊಂಡದ್ದೂ, 1907ರಲ್ಲಿ ನ್ಯಾಯವಿಧಾಯಕ ಸಭೆಯ ಪ್ರಥಮ ಅಧಿವೇಶನ ನಡೆದದ್ದೂ ಇಲ್ಲಿಯೇ.

1912ರಲ್ಲಿ ಹೊಸ ಅರಮನೆ ಪೂರ್ಣಗೊಂಡಿತು. ಹಾಗೆಂದು ಇದು ಹಾಳುಬೀಳಲಿಲ್ಲ. 1915ರಲ್ಲಿ ಇಲ್ಲಿ ಚಿತ್ರಶಾಲೆ ಆರಂಭವಾಯಿತು. ಸಭಾಂಗಣದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳು ಜರುಗಿದವು. ಸಂಗೀತ, ನೃತ್ಯ, ನಾಟಕಗಳಿಗೂ ದಸರೆಯ ಕಚೇರಿಗಳಿಗೂ ಅದು ವೇದಿಕೆಯಾಯಿತು. ಅರಸರ ವೈಭವಕ್ಕಾಗಿ ನಿರ್ಮಿತವಾದ ಸ್ಥಳ ಹೀಗೆ ರಸಿಕ ಜನತೆಯದಾಯಿತು.

ಈ ಅರಮನೆಯ ಅರಸರು ಪೋಷಿಸಿದ ಸಂಗೀತ ಪರಂಪರೆ ನಮ್ಮಂಥ ಗಡಿನಾಡಿನವರಿಗೆ ವಿಶೇಷವಾಗಿ ಮನನೀಯ. ಕನ್ನಡ ನಾಡಿನ ಆಸ್ಥಾನ ವಿದ್ವಾಂಸರಾದ ಮೈಸೂರು ವಾಸುದೇವಾಚಾರ್ಯರು ತೆಲುಗು, ಸಂಸ್ಕೃತಗಳಲ್ಲಿ ಹೇರಳವಾಗಿ ಕೃತಿಗಳನ್ನು ರಚಿಸಿದರು. ಅದೇ ಆಸ್ಥಾನದ ಬಿಡಾರಂ ಕೃಷ್ಣಪ್ಪನವರು ಕನ್ನಡದ ದಾಸರ ಪದಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ದೊರಕಿಸಿದರು. ತೆಲುಗು ಕೃತಿಯಿಂದ ಕನ್ನಡ ಬಡವಾಗಲಿಲ್ಲ. ಆದರೆ ಕನ್ನಡದ ಪದಗಳನ್ನು ಹಾಡುವವರೊಬ್ಬರು ಬೇಕಾಗಿತ್ತು.

ಆಂಧ್ರದಲ್ಲಿದ್ದು ಕನ್ನಡ ಓದಿ ಏನು ಪ್ರಯೋಜನವೆಂದು ಪೋಷಕರು ನನ್ನನ್ನು ಕೇಳಿದ್ದುಂಟು. ರಾಜ್ಯಭಾಷೆಯಾದ ತೆಲುಗನ್ನು ನಮ್ಮ ಮಕ್ಕಳು ಆದರದಿಂದ ಕಲಿಯಲಿ. ಅದರೊಡನೆ ಮನೆಯ ಮಾತನ್ನು ಓದಿ ಬರೆಯಲೂ ಬಲ್ಲವರಾಗಲಿ. ಇಲ್ಲವಾದರೆ ಹೇಮಾವತಿಯ ಕನ್ನಡ ಶಾಸನಗಳು ಅವರಿಗೆ ಬರಿಯ ಕಲ್ಲುಗಳಾದಾವು.

ಬಳಕೆಯಲ್ಲಿದ್ದುದರಿಂದಲೇ ಜಗನ್ಮೋಹನದ ಸಭಾಂಗಣ ಉಳಿಯಿತು. ಐವತ್ತು ವರ್ಷ ತುಂಬಿದ ಈ ಶಾಲೆಯೂ ಗೋಡೆಗಳ ಬಲದಿಂದ ಉಳಿಯಲಾರದು. ಪ್ರತಿ ವರ್ಷ ಒಂದನೆಯ ತರಗತಿಗೆ ಬಂದು ‘ಅ, ಆ’ ತಿದ್ದುವ ಮಕ್ಕಳಿರುವವರೆಗೆ ಅದಕ್ಕೆ ಅಳಿವಿಲ್ಲ. ಆ ಮಕ್ಕಳನ್ನು ಕಳುಹಿಸಿಕೊಡುವ ಹೊಣೆ ನಮ್ಮ ಮನೆಗಳದು.