ಪ್ಲಾಸ್ಮಾಕ್ಕೆ ಬೇಕು ಎರಡನೇ ಸಾಕ್ಷಿ

1968ರಲ್ಲಿ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಸೋವಿಯತ್ ವಿಜ್ಞಾನಿ ಲೆವ್ ಆರ್ಟ್ಸಿಮೊವಿಚ್, ಮಾಸ್ಕೋದ ಟಿ-3 ಟೊಕಮಾಕ್‌ನಲ್ಲಿ (ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶದ ಬಿಸಿ ಅನಿಲವನ್ನು, ಕಾಂತಕ್ಷೇತ್ರದಿಂದ ಹಿಡಿದಿಡುವ ಉಂಗುರಾಕಾರದ ಯಂತ್ರ) ಪ್ಲಾಸ್ಮಾ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದೆ ಎಂದಾಗ ಪಶ್ಚಿಮದವರು ನಂಬಲಿಲ್ಲ. ಅನುಮಾನಕ್ಕೆ ಕಾರಣವಿತ್ತು. ಆ ಅಂಕಿ ಬಂದದ್ದು ಪ್ಲಾಸ್ಮಾದಿಂದ ಕಾಂತಕ್ಷೇತ್ರ ಎಷ್ಟು ಬದಲಾಯಿತು ಎಂಬ ಅಳತೆಯಿಂದ. ಅತಿವೇಗದ ಒಂದಿಷ್ಟು ಎಲೆಕ್ಟ್ರಾನ್‌ಗಳು ಸೇರಿಕೊಂಡರೂ ಲೆಕ್ಕ ಕೆಡಬಹುದಿತ್ತು. ಅದಕ್ಕೂ ಹತ್ತು ವರ್ಷ ಮೊದಲು ಬ್ರಿಟನ್ನಿನ ಜೀಟಾ ಯಂತ್ರದಲ್ಲಿ ನ್ಯೂಟ್ರಾನ್ ಕಂಡು ಬೈಜಿಕ ಸಮ್ಮಿಲನವೇ ಆಯಿತೆಂದು ಸಾರಿ, ಕೆಲವೇ ತಿಂಗಳಲ್ಲಿ ಮಾತು ಹಿಂತೆಗೆದುಕೊಂಡ ನೋವೂ ಹಸಿಯಾಗಿತ್ತು. ಆರ್ಟ್ಸಿಮೊವಿಚ್ ವಾದ ಬೆಳೆಸಲಿಲ್ಲ. ಬ್ರಿಟನ್ನಿನ ಕಲ್ಹ್ಯಾಮ್ ಪ್ರಯೋಗಾಲಯದವರನ್ನೇ ಬಂದು ಅಳೆಯಿರಿ ಎಂದು ಕರೆದರು. ಶೀತಲ ಸಮರದ ನಡುವೆಯೇ ಅವರು ಟನ್‌ಗಟ್ಟಲೆ ಸಲಕರಣೆಯೊಂದಿಗೆ ಹೋಗಿ, ರೂಬಿ ಲೇಸರಿನ ಕೆಂಪು ಬೆಳಕನ್ನು ಪ್ಲಾಸ್ಮಾದೊಳಗೆ ಹಾಯಿಸಿದರು. ಎಲೆಕ್ಟ್ರಾನ್‌ಗಳಿಗೆ ತಾಗಿ ಚದುರಿದ ಬೆಳಕಿನ ತರಂಗಾಂತರ ಎಷ್ಟು ಅಗಲಕ್ಕೆ ಹರಡುತ್ತದೋ, ಪ್ಲಾಸ್ಮಾ ಅಷ್ಟು ಬಿಸಿ. 1969ರಲ್ಲಿ ಉತ್ತರ ಬಂತು: ಸೋವಿಯತ್ ಲೆಕ್ಕ ಸರಿಯೇ. ಅಮೆರಿಕದ ಪ್ರಿನ್ಸ್‌ಟನ್ ಪ್ರಯೋಗಾಲಯ ಸ್ಟೆಲರೇಟರ್ ಎಂಬ ತನ್ನ ಬೇರೆ ಬಗೆಯ ಯಂತ್ರವನ್ನು ಬಿಚ್ಚಿ ಟೊಕಮಾಕ್ ಆಗಿ ಬದಲಿಸಿತು.

ಥಾಮ್ಸನ್ ಚದುರಿಕೆ ಎಂಬ ಆ ಲೇಸರ್ ಅಳತೆಯನ್ನು ಇಂದೂ ನೆಚ್ಚುತ್ತಾರೆ. ಆದರೆ ಲೇಸರಿನ ಎರಡು ಮಿಡಿತಗಳ ನಡುವೆ ನಡೆದದ್ದು ಅದಕ್ಕೆ ಕಾಣದು. ಸ್ಯಾನ್ ಡಿಯಾಗೋದ ಡಿ-ತ್ರೀ-ಡಿ ಟೊಕಮಾಕ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 200 ಸಲ ನೋಡಿದರೆ, ಪ್ಲಾಸ್ಮಾದ ಅಂಚಿನ ಸ್ಫೋಟಗಳು ಒಂದು ಮಿಲಿಸೆಕೆಂಡಿನೊಳಗೇ ಮುಗಿದುಹೋಗಬಲ್ಲವು. ಬೇರೆ ಉಪಕರಣಗಳು ಇದಕ್ಕಿಂತ ಎಷ್ಟೋ ವೇಗವಾಗಿ ನೋಡುತ್ತವೆ, ಆದರೆ ನೋಡುವುದು ಬೇರೆಯದನ್ನು. ಜರ್ಮನಿಯವರು ಆಸ್ಡೆಕ್ಸ್ ಅಪ್‌ಗ್ರೇಡ್ ಟೊಕಮಾಕ್‌ನಲ್ಲಿ ಹಲವು ಉಪಕರಣಗಳ ಅಳತೆಗಳನ್ನು ಸಂಭವನೀಯತೆಯ ಗಣಿತದಿಂದ ಒಂದುಗೂಡಿಸಿದರು. 2025ರಲ್ಲಿ ಪ್ರಕಟವಾದ ‘ಡಯಾಗ್-ಟು-ಡಯಾಗ್’ ಎಂಬ ವಿಧಾನ ಬೇರೆ ದಾರಿ ಹಿಡಿಯಿತು: ವೇಗದ ಉಪಕರಣಗಳ ಸಂಕೇತಗಳಿಂದ, ಥಾಮ್ಸನ್ ಅಳತೆ ನಡುವಿನ ಕ್ಷಣಗಳಲ್ಲಿ ಏನು ಹೇಳುತ್ತಿತ್ತು ಎಂಬುದನ್ನು ನ್ಯೂರಲ್ ನೆಟ್‌ವರ್ಕ್ ಲೆಕ್ಕಹಾಕುತ್ತದೆ. ಕಾಂತೀಯ ದ್ವೀಪಗಳು (ಕಾಂತರೇಖೆಗಳು ತಮ್ಮಷ್ಟಕ್ಕೇ ಸುತ್ತಿಕೊಂಡ ತಾಣಗಳು) ಅಂಚಿನ ತಾಪ, ಸಾಂದ್ರತೆಗಳನ್ನು ತಗ್ಗಿಸಿ ಸ್ಫೋಟವನ್ನು ಅಡಗಿಸುತ್ತವೆ ಎಂಬ ಸಿದ್ಧಾಂತಕ್ಕೆ ಇದರಿಂದ ಬಲ ಬಂತು. ಇದು ನಿಜಕ್ಕೂ ದೊಡ್ಡ ಕೆಲಸ.

ಆದರೂ ಹೀಗೆ ಲೆಕ್ಕಹಾಕಿದ ಅಳತೆಯನ್ನು ಸ್ವತಂತ್ರ ಸಾಕ್ಷಿ ಎನ್ನಲಾಗದು. ಕಲ್ಹ್ಯಾಮ್ ಲೇಸರಿಗೆ ಬೆಲೆ ಬಂದದ್ದು ಅದು ಸೋವಿಯತ್ ಉಪಕರಣದ ತಪ್ಪುಗಳಲ್ಲಿ ಪಾಲುದಾರನಾಗಿರಲಿಲ್ಲವೆಂದು. ನೆಟ್‌ವರ್ಕ್ ತಾನು ಕಲಿತ ಉಪಕರಣಗಳ ದೋಷವನ್ನೂ ಕಲಿತಿರುತ್ತದೆ. ಎಂದೂ ಕಾಣದ ಸ್ಥಿತಿ ಎದುರಾದರೂ ನಯವಾದ ಉತ್ತರವನ್ನೇ ಕೊಡಬಹುದು. ಸಮ್ಮಿಲನ ವಿದ್ಯುತ್ ಸ್ಥಾವರದಲ್ಲಿ ನ್ಯೂಟ್ರಾನ್ ಹೊಡೆತಕ್ಕೆ ಕನ್ನಡಿ, ಸೆನ್ಸರುಗಳು ಹಾಳಾಗುತ್ತವೆ, ಗೋಡೆಯಲ್ಲಿ ಕಿಂಡಿಗೂ ಜಾಗವಿರದು, ಆಗ ನೆಟ್‌ವರ್ಕ್ ಬಿಟ್ಟರೆ ಗತಿಯೇನು ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಹಾಗಿರುವುದರಿಂದಲೇ ಪರೀಕ್ಷೆ ಈಗಲೇ ನಡೆಯಬೇಕು: ಒಂದು ಉಪಕರಣದ ಅಳತೆಯನ್ನು ಬಚ್ಚಿಟ್ಟು ನೆಟ್‌ವರ್ಕ್‌ನಿಂದ ಊಹೆ ಕೇಳಿ, ಆಮೇಲೆ ಎರಡನ್ನೂ ಹೋಲಿಸಬೇಕು. ಹಾಗೆ ಹೋಲಿಸಲು ಸಮೃದ್ಧ ಉಪಕರಣಗಳಿದ್ದ ಬ್ರಿಟನ್ನಿನ ಜೆಟ್ ಟೊಕಮಾಕ್ 2023ರ ಡಿಸೆಂಬರಿನಲ್ಲಿ ಕೊನೆಯ ಪ್ಲಾಸ್ಮಾ ಉರಿಸಿ ಮುಚ್ಚಿತು. ಉಳಿದ ಯಂತ್ರಗಳಲ್ಲಾದರೂ, ಪ್ರೋಗ್ರಾಂ ಇದೆಯಲ್ಲ ಎಂಬ ನೆಪದಲ್ಲಿ ಲೇಸರುಗಳನ್ನು ಕಳಚಬಾರದು.