ಮನೆಯೊಳಗಣ ವಾದ್ಯವೃಂದ



ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಗ್ರಾಮಗಳಿಂದ ನಮ್ಮ ಶಾಲೆಗೆ ಬರುವ ಬಾಲಿಕೆಯರಲ್ಲಿ ಕಂಠಕ್ಕೆ ಕೊರತೆಯಿಲ್ಲ. ವಾದ್ಯಕ್ಕೆ ಮಾತ್ರ ಕೊರತೆಯುಂಟು. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಇಷ್ಟೇ ನಮ್ಮ ಸಂಗೀತದ ಕೊಠಡಿಯ ಐಶ್ವರ್ಯ. ಹೀಗಿರಲು ಕಳೆದ ವರ್ಷ ತಂದೆಯೊಬ್ಬರು ನಮ್ಮ ಬಳಿಗೆ ಬಂದು, "ಅಕ್ಕಾವ್ರೇ, ನಮ್ಮ ಹುಡುಗಿ ಕಂಪ್ಯೂಟರಿನ ಮುಂದ ಕೂತು ಪಿಟೀಲು ಬಾರಿಸ್ತೀನಿ ಅಂತಾಳ. ಮನ್ಯಾಗ ಪಿಟೀಲೇ ಇಲ್ಲ. ಇದೇನು ಆಟವೋ, ವಿದ್ಯೆಯೋ?" ಎಂದು ಕೇಳಿದರು. ಆ ಪ್ರಶ್ನೆಗೆ ಕೊಡತಕ್ಕ ಉತ್ತರವು ಅನೇಕರಿಗೆ ಪ್ರಯೋಜನವಾದೀತೆಂದು ಇಲ್ಲಿ ಬರೆಯುವೆವು.

ಇದು ಮಾಯೆಯಲ್ಲ. ನುರಿತ ವಾದಕರು ತಮ್ಮ ವಾದ್ಯದ ಒಂದೊಂದು ಸ್ವರವನ್ನೂ ಬೇರೆಬೇರೆಯಾಗಿ ನುಡಿಸುವರು. ಅದನ್ನು ಧ್ವನಿಮುದ್ರಣ ಮಾಡಿ ಇಡುವರು. ಇಂಥ ಒಂದೊಂದು ತುಣುಕಿಗೂ ಸ್ಯಾಂಪಲ್ ಎಂದು ಹೆಸರು. ಹಾಡು ಕಟ್ಟುವ ತಂತ್ರಾಂಶದೊಳಗೆ ಸೇರಿಕೊಂಡು, ಬೇಕಾದ ಸ್ವರವನ್ನು ಬೇಕಾದಾಗ ಹೊರಡಿಸುವ ಉಪತಂತ್ರಾಂಶವೇ ಪ್ಲಗಿನ್. ಬಾಲಿಕೆಯು ಕೀಲಿಮಣೆಯನ್ನು ಒತ್ತಿದಾಗ ಯಾವ ಸ್ವರ, ಎಷ್ಟು ಬಲ, ಎಷ್ಟು ಹೊತ್ತು ಎಂಬ ಸೂಚನೆಯು ಮಿಡಿ ಎಂಬ ಸಂಕೇತದಲ್ಲಿ ಹೋಗುವುದು. 1983 ರಿಂದ ಬಳಕೆಯಲ್ಲಿರುವ ಈ ಸಂಕೇತದಲ್ಲಿ ಬಲವನ್ನು 1 ರಿಂದ 127 ರ ವರೆಗೆ ಎಣಿಸುವರು. ಮೆಲ್ಲನೆ ಒತ್ತಿದರೆ ಮೆಲ್ಲನೆ ನುಡಿಸಿದ ತುಣುಕೂ, ಬಲವಾಗಿ ಒತ್ತಿದರೆ ಬಲವಾಗಿ ನುಡಿಸಿದ ತುಣುಕೂ ಕೇಳಿಬರುವುವು.

ಇದರ ಹಿಂದಿರುವ ಶ್ರಮವನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಪಿಟೀಲಿನ 40 ಸ್ವರಗಳನ್ನು ಮೂರು ಬಲಗಳಲ್ಲಿ, ಒಂದೊಂದನ್ನೂ ಎರಡೆರಡು ಸಲ ನುಡಿಸಿದರೆ 240 ತುಣುಕುಗಳಾಗುವುವು. ಎರಡೆರಡು ಸಲ ಏಕೆಂದರೆ, ಒಂದೇ ತುಣುಕು ಮತ್ತೆಮತ್ತೆ ಕೇಳಿಸಿದಲ್ಲಿ ಕಿವಿಯು ಯಂತ್ರದ ಕೃತಕತೆಯನ್ನು ಒಡನೆ ಕಂಡುಹಿಡಿಯುವುದು. ಉಚಿತ ಸಂಗ್ರಹಗಳಲ್ಲಿ ಗಾತ್ರವನ್ನು ಕುಗ್ಗಿಸುವುದಕ್ಕಾಗಿ ಕೆಲವು ಸ್ವರಗಳನ್ನು ಬಿಟ್ಟು, ನೆರೆಯ ಸ್ವರವನ್ನೇ ಏರಿಸಿ ಇಳಿಸಿ ತುಂಬುವುದುಂಟು. ಆದುದರಿಂದ ಅವು ಬೆಲೆಯುಳ್ಳವುಗಳಷ್ಟು ಸೂಕ್ಷ್ಮವಾಗಿರಲಾರವು. ಕಲಿಯುವವರಿಗೆ ಧಾರಾಳವಾಗಿ ಸಾಕು.

ಇನ್ನು ಯಾವುವು ದೊರೆಯುವುವೆಂದರೆ: ಸ್ವರಲಿಪಿಯನ್ನು ಬಲ್ಲವರಿಗೆ ಮ್ಯೂಸ್‌ಸ್ಕೋರ್ ಎಂಬುದು ಉತ್ತಮ. 2022 ರ ಡಿಸೆಂಬರಿನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯೊಡನೆ ಮ್ಯೂಸ್ ಸೌಂಡ್ಸ್ ಎಂಬ ವಾದ್ಯವೃಂದದ ಧ್ವನಿಗಳು ಉಚಿತವಾಗಿ ಬಂದವು. ಸ್ಪಿಟ್‌ಫೈರ್ ಆಡಿಯೋ ಸಂಸ್ಥೆಯವರು ಬಿ.ಬಿ.ಸಿ. ಸಿಂಫನಿ ಆರ್ಕೆಸ್ಟ್ರಾದ ವಾದಕರಿಂದ ನುಡಿಸಿ 2020 ರಲ್ಲಿ ಹೊರತಂದ ಡಿಸ್ಕವರ್ ಎಂಬ ಸಂಗ್ರಹವು ಸುಮಾರು 200 ಮೆಗಾಬೈಟುಗಳದು. ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ವರ್ಸಿಲಿಯನ್ ಸ್ಟುಡಿಯೋದವರ ಸಮುದಾಯ ಆವೃತ್ತಿಯನ್ನು ಪ್ಲೋಗ್ ಕಂಪನಿಯ ಸ್ಫೋರ್ಜಾಂಡೋ ಎಂಬ ಉಚಿತ ಪ್ಲಗಿನ್ನಿನಲ್ಲಿ ನುಡಿಸಬಹುದು. ಇವು ಸಾಮಾನ್ಯವಾಗಿ ಕಂಪ್ಯೂಟರಿಗಾಗಿ ಮಾಡಿದವು, ಮೊಬೈಲಿಗಲ್ಲ. ತಂತಿಯುಳ್ಳ ಹೆಡ್‌ಫೋನನ್ನೇ ಬಳಸತಕ್ಕದ್ದು. ತಂತಿಯಿಲ್ಲದುದರಲ್ಲಿ ಒತ್ತಿದ ಸ್ವರವು ತಡವಾಗಿ ಕೇಳಿಸಿ ತಾಳ ತಪ್ಪುವುದು.

ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೊಂದುಂಟು. ಲಂಡನ್ನಿನಲ್ಲಿ 1945 ರಲ್ಲಿ ಹುಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಮೈಸೂರಿನ ಜಯಚಾಮರಾಜೇಂದ್ರ ಒಡೆಯರವರು ಉದಾರವಾಗಿ ನೆರವಾಗಿ, 1948 ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲನೆಯ ಅಧ್ಯಕ್ಷರಾದರು. ಅದೇ ವಾದ್ಯವೃಂದದವರು ಮುಂದೆ ತಮ್ಮ ವಾದಕರಿಂದ ನುಡಿಸಿದ ಸಾವಿರಾರು ತುಣುಕುಗಳನ್ನು ಲೋಕಕ್ಕೆ ಉಚಿತವಾಗಿ ಕೊಟ್ಟರು. ಅಂದು ಅರಮನೆಯಿಂದ ಹೋದ ಔದಾರ್ಯದ ನೆನಪು ನಮಗೆ, ಇಂದು ಭೀಮಾ ತೀರದ ಬಾಲಿಕೆಯು ಅವರ ಪಿಟೀಲನ್ನು ಕೇಳುವಾಗ ಆಗುವುದು.

ಆದರೆ ಉಚಿತವೆಂದರೆ ಕಟ್ಟಳೆಯಿಲ್ಲವೆಂದಲ್ಲ. ವರ್ಸಿಲಿಯನ್ ಆವೃತ್ತಿಯನ್ನು ಹೇಗೆ ಬೇಕಾದರೂ ಬಳಸಬಹುದು. ಫಿಲ್‌ಹಾರ್ಮೋನಿಯಾದ ತುಣುಕುಗಳಿಂದ ಹಾಡು ಕಟ್ಟಬಹುದು, ತುಣುಕುಗಳನ್ನೇ ಮಾರಕೂಡದು. ಬೆಲೆಯುಳ್ಳ ಪ್ಲಗಿನ್ನಿನ ಬೀಗ ಮುರಿದ ಪ್ರತಿಯನ್ನು ಇಳಿಸಿಕೊಳ್ಳುವುದು ಕಳ್ಳತನವೇ ಸರಿ. ಅದರೊಡನೆ ವೈರಸ್ಸು ಬರುವುದೂ ಉಂಟು. ಸತ್ಯವಾಗಿ ದೊರೆಯುವುದು ಇಷ್ಟಿರುವಾಗ ಅದರ ಅಗತ್ಯವಾದರೂ ಏನು?

ನಮ್ಮ ತಪ್ಪನ್ನೂ ಮರೆಮಾಚದೆ ಹೇಳುವೆವು. ವಾರ್ಷಿಕೋತ್ಸವಕ್ಕಾಗಿ ಬಾಲಿಕೆಯರು ಒಂದು ಕೀರ್ತನೆಗೆ ಹಿನ್ನೆಲೆಯನ್ನು ಕಟ್ಟಿದ್ದರು. ಕೊಳಲು ಬಹು ಇಂಪಾಗಿದೆಯೆಂದು ನಾವು ಶ್ಲಾಘಿಸಿದೆವು. ವಯಸ್ಸಾದ ನಮ್ಮ ಸಂಗೀತ ಮಾಸ್ತರರು ಕೇಳಿ, "ಈ ಕೊಳಲಿನವನು ಉಸಿರು ಯಾವಾಗ ತಕ್ಕೊಂಡ?" ಎಂದರು. ಎಣಿಸಿ ನೋಡಲಾಗಿ ಒಂದು ನಿಮಿಷ ಪೂರ್ತಿ ಅವನು ಉಸಿರಾಡಿರಲಿಲ್ಲ! ನಾಚಿಕೆಯಾಯಿತು. ಅಂದಿನಿಂದ ನಮ್ಮಲ್ಲಿ ಒಂದು ನಿಯಮವುಂಟು: ಪ್ರತಿಯೊಂದು ವಾದ್ಯದ ಭಾಗವನ್ನೂ ಮೊದಲು ಬಾಯಿಂದ ಹಾಡಿ ನೋಡತಕ್ಕದ್ದು. ಹಾಡಲು ಬಾರದುದನ್ನು ಕೊಳಲಿಗೆ ಕೊಡಕೂಡದು. ಆ ಬಾಲಿಕೆಯರು ಎರಡು ದಿನ ಕುಳಿತು ಎಲ್ಲವನ್ನೂ ತಿದ್ದಿದರು. ಸಂಗೀತದಲ್ಲಿ ಮೌನಕ್ಕೂ ಸ್ಥಾನವುಂಟೆಂಬುದನ್ನು ಆ ಎರಡು ದಿನಗಳಲ್ಲಿ ಕಲಿತರು. ಆ ತಂದೆಯವರಿಗೆ ನಾವು ಕೊಟ್ಟ ಉತ್ತರವೂ ಇದೇ: ಕಿವಿಗೊಟ್ಟು ಮಾಡಿದರೆ ವಿದ್ಯೆ, ಗುಂಡಿ ಒತ್ತಿ ಬೆರಗಾದರೆ ಆಟ.

ಕಡೆಗೆ ಒಂದು ಅರಿಕೆ. ಈ ಸಂಗ್ರಹಗಳಲ್ಲಿ ಚೆಲ್ಲೊ ಉಂಟು, ತುತ್ತೂರಿ ಉಂಟು. ಜೇವರ್ಗಿ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ಮಿಡಿಯುವ ಏಕತಾರಿಯಿಲ್ಲ, ದಮ್ಮಡಿಯಿಲ್ಲ. ಯಾರೋ ಕುಳಿತು ನುಡಿಸಿ ಮುದ್ರಿಸಿದ್ದು ಮಾತ್ರವೇ ಪೆಟ್ಟಿಗೆಯೊಳಗೆ ಇರುವುದು. ನಮ್ಮದನ್ನು ನಾವೇ ಮುದ್ರಿಸಬೇಕು. ಅದಕ್ಕೆ ಬೇಕಾದುದು ಸದ್ದಿಲ್ಲದ ಒಂದು ಕೋಣೆ, ಒಂದು ಸಾಧಾರಣ ಮೈಕು, ಬಹಳ ತಾಳ್ಮೆ. ತಮ್ಮ ಊರಿನಲ್ಲಿ ಏಕತಾರಿ ನುಡಿಸುವ ಹಿರಿಯರಿದ್ದರೆ ಪೂರ್ವ ವಿದ್ಯಾರ್ಥಿನಿಯರು ನಮಗೆ ತಿಳಿಸಬೇಕು. ಅವರ ಒಪ್ಪಿಗೆ ಪಡೆದು, ಶ್ರಮಕ್ಕೆ ತಕ್ಕ ಗೌರವಧನವನ್ನು ಕೊಟ್ಟು, ನಮ್ಮ ಬಾಲಿಕೆಯರು ಸ್ವರ ಸ್ವರವಾಗಿ ಮುದ್ರಿಸುವರು. ಹಾಗೆಯೇ ತಮ್ಮ ಮನೆಯಲ್ಲಿ ಬಳಸದೆ ಇಟ್ಟ ಲ್ಯಾಪ್‌ಟಾಪುಗಳಿದ್ದಲ್ಲಿ ಶಾಲೆಗೆ ಕೊಡಬೇಕೆಂದು ಬೇಡುವೆವು. ಲೋಕದಿಂದ ಉಚಿತವಾಗಿ ಪಡೆದವರು ಲೋಕಕ್ಕೆ ಸ್ವಲ್ಪವಾದರೂ ಉಚಿತವಾಗಿ ಕೊಡಬೇಕಲ್ಲವೆ?